ಹಸಿ ಗಂಟು

"ಯಾವ ಬೋಳಿಮಗ ಹಸಿ ಬಟ್ಟೆಗೆ ಗಂಟು ಹಾಕಿದ್ದು? ಅವನ ಬೆರಳು ಸೇದಿಹೋಗ! ಒಗೆಯೋರ ಹೊಟ್ಟೇಲಿ ಹುಟ್ಟಿದ ನಾಯಿನೂ ಈ ಕೆಲಸ ಮಾಡಲ್ಲ!"

ಮುದ್ಯವ್ವ ಹಂಡೆಯ ಮುಂದೆ ನಿಂತು ಒದರುತ್ತಿದ್ದಳು. ಊರಿನ ಬಟ್ಟೆ ಒಗೆಯುವ ಆ ಉಗಿಮನೆಯಲ್ಲಿ ಅವಳೇ ಹಿರಿಯಳು. ಬಟ್ಟೆ ತಿರುವುವ ಕೋಲು ಅವಳ ಕೈಗೆ ಬಂದು ಎಷ್ಟು ಕಾಲವಾಯಿತೋ, ಕೋಲೇ ಸವೆದು ಅವಳ ಅಂಗೈಯ ಆಕಾರಕ್ಕೆ ಬಂದಿತ್ತು. ಆಸ್ಪತ್ರೆಗಳ, ವಸತಿಗೃಹಗಳ, ಶಾಲೆಗಳ ಕೊಳೆ ಬಟ್ಟೆಯೆಲ್ಲ ಗಾಡಿಯಲ್ಲಿ ಬಂದು ಅಲ್ಲಿಯ ಸಿಮೆಂಟಿನ ನೆಲದ ಮೇಲೆ ಬೀಳುತ್ತಿತ್ತು. ರಕ್ತ, ಕೀವು, ಹೇಲು, ಉಚ್ಚೆ, ಯಾವುದಕ್ಕೂ ಆ ಹೆಂಗಸರು ಮೂಗು ಮುಚ್ಚಿಕೊಂಡವರಲ್ಲ. ಅವರಿಗೆ ಆಗದಿದ್ದುದು ಗಂಟು ಒಂದೇ. ಒದ್ದೆ ಬಟ್ಟೆಗೆ ಬಿದ್ದ ಗಂಟು ಎಳೆದಷ್ಟೂ ಬಿಗಿಯುತ್ತದೆ. ಬಿಚ್ಚಹೋದವರ ಉಗುರು ಕಿತ್ತುಬರುತ್ತದೆ. ಹಿಂಡುವ ಉರುಳೆಗೆ ಸಿಕ್ಕಿದರೆ ಕೈಯನ್ನೂ ಜೊತೆಗೆ ಒಳಗೆಳೆಯುತ್ತದೆ. ಅದಕ್ಕಾಗಿಯೇ ಉಗಿಮನೆಯ ಹೆಂಗಸರು ತಲೆಗೂದಲು ಒದ್ದೆಯಿರುವಾಗ ಅದನ್ನೂ ಗಂಟು ಕಟ್ಟುತ್ತಿರಲಿಲ್ಲ.

"ಚಿಂದಿಯವ್ವನ ಕೈಗೆ ಕೊಡ್ರೇ. ಅವಳಿಗೆ ಬಿಚ್ಚದ ಗಂಟು ಇನ್ನೂ ಹುಟ್ಟಿಲ್ಲ" ಎಂದಳು ಇಸ್ತ್ರಿಯಕ್ಕ, ಬಟ್ಟೆ ಒತ್ತುವ ಕಾದ ಹಲಗೆಯ ಹಿಂದಿನಿಂದ.

ಚಿಂದಿಯವ್ವ ಉರುಳೆಯನ್ನು ನಿಲ್ಲಿಸಿ ಬಂದಳು. ಅವಳ ಎಡಗೈಯ ಎರಡು ಬೆರಳು ಚಪ್ಪಟೆಯಾಗಿದ್ದವು. ಬಹಳ ಹಿಂದೆ ಅಂಥದೇ ಒಂದು ಗಂಟು ಅವನ್ನು ಉರುಳೆಯೊಳಗೆ ಎಳೆದುಕೊಂಡಿತ್ತು. ಅವಳು ಸೊಂಟದಿಂದ ದಬ್ಬಣವನ್ನು ತೆಗೆದು, ಕುಕ್ಕುರುಗಾಲಿನಲ್ಲಿ ಕೂತು, ಗಂಟಿನ ಹೊಟ್ಟೆಗೆ ತೂರಿಸಿದಳು. ಚಾದರದ ಅಂಚಿನಲ್ಲಿ ನೀಲಿ ಗುರುತಿತ್ತು. ಅದು ಊರಾಚೆಯ ವಸತಿ ಶಾಲೆಯ ಗುರುತು. ಅವಳ ಮಗಳು ಅಲ್ಲಿದ್ದಳು. ಹಾಗಾಗಿ ಆ ಗುರುತಿನ ಬಟ್ಟೆ ಬಂದ ದಿನ ಅವಳು ಯಾರಿಗೂ ಕಾಣದ ಹಾಗೆ ಒಂದೆರಡು ಬಟ್ಟೆಯನ್ನು ಮೂಸಿ ನೋಡುವುದಿತ್ತು.

"ಬೇರೆ ಗಂಟನ್ನೆಲ್ಲ ಕತ್ತರೀಲಿ ಕತ್ತರಿಸಿದಾರೆ ನೋಡು. ಈ ಕಡೆ ಒಂದು, ಈ ಕಡೆ ಒಂದು" ಎಂದಳು ಮುದ್ಯವ್ವ. "ಇದೊಂದು ಕೈಗೆ ಸಿಕ್ಕಿಲ್ಲ, ಹಾಗೇ ಬಿಟ್ಟಿದಾರೆ. ಹಲ್ಕಟ್ ನನ್ಮಕ್ಳು, ಹಂದಿ ಕಟ್ಟಿ ತಂದ್ರೋ ಏನೋ."

ಹೆಂಗಸರು ನಕ್ಕರು. ಚಿಂದಿಯವ್ವನೂ ನಕ್ಕಳು. ಗಂಟು ಸಡಿಲವಾಯಿತು. ಇಬ್ಬರು ಎರಡು ತುದಿ ಹಿಡಿದು ಚಾದರವನ್ನು ಕೊಡವಿದರು.

ನಟ್ಟನಡುವೆ ತೂತಿತ್ತು. ಒಂದು ಬಾಯಿಯಷ್ಟು ಅಗಲ. ಅದು ಹರಿದದ್ದಲ್ಲ, ಕತ್ತರಿಸಿದ್ದಲ್ಲ. ಸುತ್ತ ಎಳೆಗಳು ಜೊಲ್ಲು ಹಿಡಿದು ಹುರಿಗಟ್ಟಿದ್ದವು. ಅದರ ಮೇಲಂಚಿನಲ್ಲಿ ಅಗಿಯದೆ ಉಳಿದ ಸಣ್ಣ ಕುಚ್ಚೊಂದು ನಿಂತಿತ್ತು. ಮುಂದಿನ ಹಲ್ಲು ಅರ್ಧ ಮುರಿದವರು ಬಟ್ಟೆ ಅಗಿದರೆ ಮಾತ್ರ ಹಾಗೆ ಉಳಿಯುತ್ತದೆ.

ಚಿಂದಿಯವ್ವ ಅದನ್ನು ನೋಡಿದಳು. ಅವಳ ಮಗಳ ಮುಂದಿನ ಹಲ್ಲು ಹಾಗೇ ಅರ್ಧ ಮುರಿದಿತ್ತು. ಹುಟ್ಟಿದಾಗಿನಿಂದ ಸಿಕ್ಕ ಬಟ್ಟೆಯನ್ನೆಲ್ಲ ಅಗಿದು ಚಿಂದಿ ಮಾಡುತ್ತಾಳೆಂದೇ ಆ ಹುಡುಗಿಗೆ ಉಗಿಮನೆಯವರು ಚಿಂದಿ ಎಂಬ ಹೆಸರು ಇಟ್ಟಿದ್ದರು. ಆದರೆ ಚಿಂದಿ ಅಗಿಯುತ್ತಿದ್ದುದು ಬಟ್ಟೆಯ ಮೂಲೆಯನ್ನು. ನಡುವನ್ನು ಅವಳು ಎಂದೂ ಅಗಿದವಳಲ್ಲ. ನಡುವೆ ಅಗಿಯಬೇಕಾದರೆ ಮೂಲೆ ಸಿಕ್ಕಿರಬಾರದು. ಬಟ್ಟೆ ಬಾಯಿಯ ಮೇಲೆಯೇ ಬಂದಿರಬೇಕು.

ಹಂಡೆ ಕೊತಕೊತ ಕುದಿಯುತ್ತಿತ್ತು.

"ನಾನು ಹೋಗ್ತೀನಿ" ಎಂದಳು ಚಿಂದಿಯವ್ವ.

ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. "ಎಲ್ಲಿಗೇ ಸವಾರಿ? ಉರುಳೆ ನಿಲ್ಲಿಸಿ ಹೋಗೋಕೆ ಇದೇನು ನಿನ್ನಪ್ಪನ ಮನೇನಾ? ಹೊರಗೆ ಕಾಲಿಟ್ಟರೆ ಮತ್ತೆ ಈ ಕಡೆ ಮುಖ ಹಾಕಬೇಡ."

ಅವಳು ಅವನನ್ನು ದಾಟಿ ನಡೆದಳು. ಅವನು ಅವಳ ಕೂದಲು ಹಿಡಿದು ಹಿಂದಕ್ಕೆಳೆದ. ಬಟ್ಟೆ ತಿರುವುವ ಕೋಲು ಕುದಿವ ನೀರಿನಿಂದ ಎದ್ದು ಬಂದು ಅವನ ಮೊಣಕೈಯ ಮೇಲೆ ಬಿತ್ತು. ಮೂಳೆಯ ಸದ್ದು ಎಲ್ಲರಿಗೂ ಕೇಳಿಸಿತು. ಮೇಸ್ತ್ರಿ ಚರಂಡಿಯಲ್ಲಿ ಕುಸಿದು ಕೂತು ಅಯ್ಯೋ ಎಂದು ಅರಚಿದ.

"ಓಡು ಮಗಾ. ಇವನನ್ನ ನಾನು ನೋಡ್ಕೋತೀನಿ" ಎಂದಳು ಮುದ್ಯವ್ವ.

ಚಿಂದಿಯವ್ವ ಚಾದರವನ್ನು ಮುದುಡಿ ಎದೆಗವಚಿಕೊಂಡು ಓಡಿದಳು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಅದು ಅವಳೇ ಆಡಿದ ಮಾತು.

ಚಿಂದಿ ನಡೆಯುವುದು ಕಲಿತ ಮೇಲೆ ಅವಳ ಅಪ್ಪ ಮನೆ ಬಿಟ್ಟಿದ್ದ. ಮಗುವಿಗೆ ಮಾತು ಬರಲೇ ಇಲ್ಲ. ಗಲಾಟೆ ಕೇಳಿದರೆ, ಹೊಸ ಮುಖ ಕಂಡರೆ, ಅವಳು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ಅದಕ್ಕೆ ಉಗಿಮನೆಯವರು ಒಂದು ಉಪಾಯ ಕಂಡುಕೊಂಡಿದ್ದರು. ಕಾದ ಹಲಗೆಯಿಂದ ಆಗತಾನೆ ಇಳಿದ ಚಾದರವನ್ನು ಇಬ್ಬರು ಹಿಡಿಯುವುದು. ಚಿಂದಿ ಮೂಲೆಯೊಂದನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿಗಿಟ್ಟುಕೊಂಡು, ಗಿರಗಿರನೆ ತಾನೇ ತಿರುಗಿ ತಿರುಗಿ ಅದರೊಳಗೆ ಸುತ್ತಿಕೊಳ್ಳುವುದು. ಮುಖ ಹೊರಗೆ, ಮುಷ್ಟಿ ಹೊರಗೆ. ಆ ಬೆಚ್ಚಗಿನ ಬಿಗಿಯಲ್ಲಿ ಅವಳ ಉಸಿರು ಮೆಲ್ಲಗೆ ಇಳಿದು ಸಮನಾಗುತ್ತಿತ್ತು. ಸಾಕೆನಿಸಿದಾಗ ಮೂಲೆಯನ್ನು ಎಳೆದರೆ ಚಾದರ ತಾನೇ ಬಿಚ್ಚಿಕೊಂಡು ನೆಲಕ್ಕೆ ಬೀಳುತ್ತಿತ್ತು. ಆಗ ಅವಳು ನಗುತ್ತಿದ್ದಳು.

"ಬಂದ್ಲು ನೋಡ್ರೇ ಮಹಾರಾಣಿ, ಅರಮನೆಯಿಂದ ಹೊರಗೆ" ಎನ್ನುತ್ತಿದ್ದಳು ಮುದ್ಯವ್ವ.

ಚಿಂದಿ ಮಾಧ್ಯಮಿಕ ಶಾಲೆಯ ವಿಶೇಷ ಮಕ್ಕಳ ಕೋಣೆಯನ್ನು ಮುಗಿಸಿದ ವರ್ಷ, ಮುಂದೆ ಯಾವ ಹೈಸ್ಕೂಲಿಗೆ ಹಾಕಬೇಕೆಂದು ನಿರ್ಧರಿಸುವ ಸಭೆಗೆ ತಾಯಿಯನ್ನು ಕರೆದಿದ್ದರು. ಉಗಿಮನೆಯ ಕೆಳಗಿನ ಬೀದಿಯಲ್ಲೇ ಹೈಸ್ಕೂಲಿತ್ತು. ಅಲ್ಲಿಯೂ ಅಂಥ ಮಕ್ಕಳಿಗೊಂದು ಕೋಣೆಯಿತ್ತು. ಹಳೆಯ ಟೀಚರಮ್ಮ ಹೇಳಿಕೊಟ್ಟಿದ್ದಳು: "ಅಲ್ಲೇ ಬೇಕು ಅಂತ ಗಟ್ಟಿಯಾಗಿ ಕೇಳು. ನಿನಗೆ ಕೇಳೋ ಹಕ್ಕಿದೆ. ತಲೆ ತಗ್ಗಿಸಬೇಡ."

ಉದ್ದನೆಯ ಮೇಜು. ಒಂದು ತುದಿಯಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ, ಪಕ್ಕದಲ್ಲಿ ಹೈಸ್ಕೂಲಿನ ಹೆಡ್‌ಮೇಷ್ಟ್ರು. ಅವರ ಪಕ್ಕದಲ್ಲಿ ಉಗಿಮನೆಯ ಧಣಿ. ಊರಾಚೆಯ ವಸತಿ ಶಾಲೆಯ ದೊಡ್ಡ ದಾನಿ ಅವನೇ. ಅವನನ್ನು ಅಲ್ಲಿ ಕಂಡಾಗಲೇ ಅವಳ ತಲೆ ತಗ್ಗಿಹೋಯಿತು. ಅವಳಿಗೆ ಕುರ್ಚಿ ಇರಲಿಲ್ಲ. ಚಿಂದಿ ಮೂಲೆಯಲ್ಲಿ ಕೂತು ತನ್ನ ಅಂಗಿಯ ತೋಳನ್ನು ಅಗಿಯುತ್ತಿದ್ದಳು.

"ಮಗುವಿನ ಮುಂದಿನ ಗುರಿ ಏನು?" ಎಂದು ಅಧಿಕಾರಿ ಕೇಳಿದ.

"ಗುರಿ ಅಂದ್ರೆ ಸಾಮಿ?"

"ದೊಡ್ಡವಳಾಗಿ ಏನು ಮಾಡಬೇಕು ಅಂತ ನಿನ್ನಾಸೆ?"

ಇದನ್ನು ಅವಳು ಯೋಚಿಸಿಕೊಂಡೇ ಬಂದಿದ್ದಳು. "ಮಡಚೋದು ಕಲೀಲಿ ಸಾಮಿ. ಕೈವಸ್ತ್ರ ಆಗಲೇ ಮಡಚ್ತಾಳೆ, ಅಂಚಿಗೆ ಅಂಚು ಕೂಡಿಸ್ತಾಳೆ. ಚಾದರ ಮಡಚೋಕೆ ಇಬ್ಬರು ಬೇಕು. ಒಂದು ತುದಿ ಹಿಡಿದು ನಿಲ್ಲೋದು ಕಲಿತರೆ, ನಾನಿರೋವರೆಗೂ ನನ್ನೆದುರಿಗೆ ನಿಂತ್ಕೋತಾಳೆ. ಆಮೇಲೆ ಇನ್ನೊಬ್ಬರ ಎದುರಿಗೆ."

ಹೆಡ್‌ಮೇಷ್ಟ್ರು ಹೊಟ್ಟೆ ಕುಲುಕಿಸಿ ನಕ್ಕರು. "ಕೇಳಿದ್ರಾ? ಚಾದರ ಮಡಚೋಕೆ ಹೈಸ್ಕೂಲು!"

"ನಮ್ಮ ಉಗಿಮನೆಗೂ ವಿದ್ಯಾವಂತರು ಬರ್ಲಿ ಬಿಡಿ" ಎಂದ ಧಣಿ. ಮತ್ತೆ ನಗೆ.

"ನೋಡಮ್ಮ" ಎಂದರು ಹೆಡ್‌ಮೇಷ್ಟ್ರು, "ನನ್ನ ಶಾಲೇಲಿ ಪರೀಕ್ಷೆಗೆ ಕೂರೋ ಮಕ್ಕಳಿದಾರೆ. ಇದು ಕಿರುಚಿದರೆ ನಾನು ಪಾಠ ನಡೆಸ್ಲೋ ಸಂತೆ ನಡೆಸ್ಲೋ? ಆ ಕೋಣೆ ಇರೋದು ಒಂದಿಷ್ಟಾದರೂ ತಲೆ ಓಡೋ ಮಕ್ಕಳಿಗೆ. ಇಂಥ ಜಂತುಗಳಿಗಲ್ಲ."

ಆ ನಗೆಗೋ, ಆ ದನಿಗೋ, ಚಿಂದಿ ಹೆದರಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ನೀರು ಹರಿದು ಮೇಜಿನ ಕೆಳಗೆ ಬಂತು. ಹೆಡ್‌ಮೇಷ್ಟ್ರು ಥೂ ಎಂದು ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆತ್ತಿಕೊಂಡರು. "ಒರೆಸು, ಒರೆಸು" ಎಂದ ಧಣಿ. ಚಿಂದಿಯವ್ವ ತಲೆಯ ಬಟ್ಟೆ ಬಿಚ್ಚಿ, ಮೊಣಕಾಲೂರಿ, ಅವರ ಬೂಟುಗಳ ನಡುವೆ ತೆವಳಿ ಒರೆಸಿದಳು. ಮೇಲೆ ಅವರು ಮಾತಾಡುತ್ತಿದ್ದರು. ಅವಳು ಒರೆಸಿ ತಲೆ ಎತ್ತುವಷ್ಟರಲ್ಲಿ ಮಗಳ ಹೈಸ್ಕೂಲು ತೀರ್ಮಾನವಾಗಿತ್ತು. ಊರಾಚೆಯ ವಸತಿ ಶಾಲೆ. ಹೊಂದಿಕೊಳ್ಳುವ ತನಕ ಮನೆಯವರು ನೋಡಲು ಬರುವಂತಿಲ್ಲ.

"ಹೈಸ್ಕೂಲು ಇಲ್ಲೇ ಇದೆಯಲ್ಲ ಸಾಮಿ, ಉಗಿಮನೆಯಿಂದ ಕೂಗಿದರೆ ಕೇಳ್ಸುತ್ತೆ..."

"ಕೆಲಸ ಬೇಕಾ ನಿನಗೆ, ಬೇಡ್ವಾ?" ಎಂದ ಧಣಿ, ಬಹಳ ಮೆತ್ತಗೆ.

ಎಲ್ಲರೂ ಏಳುತ್ತಿರುವಾಗ ಅಧಿಕಾರಿಗೆ ಏನೋ ನೆನಪಾಯಿತು. "ಹಟ ಹಿಡಿದರೆ, ಗಲಾಟೆ ಮಾಡಿದರೆ ಏನು ಮಾಡ್ತೀರಿ?"

"ಬಿಸಿ ಚಾದರ ಸುತ್ತಿಬಿಡ್ತೀವಿ ಸಾಮಿ. ಬಿಗಿಯಾಗಿ. ತಣ್ಣಗಾಗ್ತಾಳೆ."

ಅಧಿಕಾರಿ ಅದನ್ನು ಬರೆದುಕೊಂಡ. ಆ ದಿನ ಅವಳು ಆಡಿದ ಮಾತುಗಳಲ್ಲಿ ಅವನು ಬರೆದುಕೊಂಡದ್ದು ಅದೊಂದನ್ನೇ. ಮಗಳ ಕೈ ಹಿಡಿದು ಮೆಟ್ಟಿಲಿಳಿಯುವಾಗ, ತನ್ನ ಬಾಯಿಂದ ಬಂದ ಒಂದು ಮಾತಾದರೂ ಕಾಗದಕ್ಕೆ ಇಳಿಯಿತಲ್ಲ ಎಂದು ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ದೇವರ ದಯೆ ಎಂದುಕೊಂಡಿದ್ದಳು.

ಮೂಲೆ ಮಗುವಿನ ಕೈಯಲ್ಲಿರಬೇಕು ಎಂದು ಅವಳು ಹೇಳಲಿಲ್ಲ. ಗಂಟು ಹಾಕಬಾರದು ಎಂದೂ ಹೇಳಲಿಲ್ಲ. ಹಸಿ ಬಟ್ಟೆಗೆ ಗಂಟು ಹಾಕುವ ಮನುಷ್ಯರು ಲೋಕದಲ್ಲಿ ಇರುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

ವಸತಿ ಶಾಲೆಯ ಕಾವಲುಗಾರ ಗೇಟಿನ ಸಂದಿಯಿಂದ ಅವಳನ್ನು ನೋಡಿದ. "ಭೇಟಿ ಇಲ್ಲ ಇವತ್ತು. ಹೋಗು."

"ನನ್ನ ಮಗಳು."

"ಎಲ್ಲರ ಮಕ್ಕಳೂ ಒಳಗೇ ಇರೋದು. ಹೋಗಮ್ಮ."

ಅವಳು ಚಾದರವನ್ನು ಹುರಿಮಾಡಿ ಗೇಟಿನ ಸರಳಿಗೆ ಬೀಸಿ ಬೀಸಿ ಹೊಡೆದಳು. ಒದ್ದೆ ಬಟ್ಟೆ ಕಬ್ಬಿಣದ ಮೇಲೆ ಬಡಿದ ಸದ್ದಿಗೆ ಒಳಗೆಲ್ಲೋ ಮಕ್ಕಳು ಕಿರುಚಿಕೊಂಡರು. ಕೊನೆಗೆ ವಾರ್ಡನ್ ಬಂದ. ಮೊದಲು ಅವನ ಕಣ್ಣು ಬಿದ್ದದ್ದು ಅವಳ ಮುಖದ ಮೇಲಲ್ಲ, ಚಾದರದ ಮೇಲೆ.

"ಇದು... ನಿನ್ನ ಕೈಗೆ ಹೇಗೆ ಬಂತು?"

"ನಾನು ಒಗೆಯೋಳಲ್ವಾ ಸಾಮಿ. ಎಲ್ಲಿ ನನ್ನ ಮಗಳು?"

"ಹೇಳಿ ಕಳಿಸೋಣ ಅಂತಿದ್ವಿ. ನಿನ್ನೆ ಅವಳಿಗೆ ಫಿಟ್ಸ್ ಬಂತು. ದೇವರು ಕರ್ಕೊಂಡ."

"ನನ್ನ ಮಗಳಿಗೆ ಫಿಟ್ಸ್ ಇಲ್ಲ."

ಔಷಧಿ ಕೋಣೆಯ ಮೇಜಿನ ಮೇಲೆ ಚಿಂದಿಯನ್ನು ಮಲಗಿಸಿದ್ದರು. ತುಟಿ ನೀಲಿಯಾಗಿತ್ತು. ಕೈಗಳನ್ನು ಪಕ್ಕಕ್ಕೆ ಒತ್ತಿ ಬಿಗಿದ ಗುರುತು ಮೊಣಕೈಯಿಂದ ಮಣಿಕಟ್ಟಿನವರೆಗೆ ಹಾಗೇ ಇತ್ತು. ಉಗುರುಗಳೊಳಗೆ ನೂಲು. ತಾಯಿ ಆ ಮುಷ್ಟಿಯನ್ನು ಬಿಡಿಸಿ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ.

"ಕೈ ಒಳಗೆ ಯಾಕೆ ಹಾಕಿದ್ರಿ?"

"ನೋಡು, ಕೂಗಾಡಬೇಡ. ಊಟದ ಹೊತ್ತಲ್ಲಿ ಗಲಾಟೆ ಮಾಡಿದ್ಲು. ಕೆಲಸದವರು ಸುತ್ತಿ ಮಲಗಿಸಿದ್ರು. ಚಾದರ ಸುತ್ತಿ ಅಂತ ಹೇಳಿದ್ದು ಯಾರು? ನಾವಾ? ನೀನೇ ತಾನೆ? ಸಭೇಲಿ ಬರೆದ ಕಾಗದದಲ್ಲಿ ನಿನ್ನ ಮಾತೇ ಇದೆ. ಬಿಸಿ ಎಲ್ಲಿಂದ ತರೋಣ ನಾವು? ಬಿಸಿನೀರಲ್ಲಿ ಅದ್ದಿ ಸುತ್ತಿದ್ರು."

"ಗಂಟು ಯಾಕೆ ಹಾಕಿದ್ರೋ!"

"ಗಂಟು ಹಾಕದೆ ನಿಲ್ಲುತ್ತಾ? ಒದೀತಿದ್ಲು. ಗಂಟು ಹಾಕಬೇಡಿ ಅಂತ ನೀನು ಹೇಳಿದ್ಯಾ?"

ಹೇಳಿರಲಿಲ್ಲ. ಆ ಮಾತು ಅವಳ ಎದೆಗೆ ದಬ್ಬಣದ ಹಾಗೆ ಇಳಿಯಿತು. ಅವಳು ಮೇಜನ್ನು ಬಳಸಿ ಬಂದು ವಾರ್ಡನ್ನನ ಕುತ್ತಿಗೆಗೆ ಕೈ ಹಾಕಿದಳು. ಬಟ್ಟೆ ಹಿಂಡುವ ಕೈ. ಅವನ ಕಣ್ಣು ಹೊರಬರುವಷ್ಟರಲ್ಲಿ ಕಾವಲುಗಾರರು ಬಂದು ಅವಳ ಬೆನ್ನಿಗೆ ಒದ್ದರು. ಎರಡೂ ಕಾಲು ಹಿಡಿದು ಉದ್ದನೆಯ ಮೊಗಸಾಲೆಯಲ್ಲಿ ಎಳೆದುಕೊಂಡು ಹೋದರು. ಅವಳ ತಲೆ ಹೊಸ್ತಿಲಿಂದ ಹೊಸ್ತಿಲಿಗೆ ಬಡಿಯುತ್ತಿತ್ತು. ತೆರೆದ ಬಾಗಿಲುಗಳ ಒಳಗೆ ಸಾಲು ಮಂಚಗಳು. ನೆಲದ ಮಟ್ಟದಿಂದ ನೋಡಿದವಳಿಗೆ ಮಂಚದ ಕಾಲುಗಳಷ್ಟೇ ಕಂಡವು. ಪ್ರತಿ ಮಂಚದ ಕಾಲಿಗೂ ಬಟ್ಟೆಯ ಗಂಟಿತ್ತು.

ಉಗಿಮನೆಯ ಹೆಂಗಸರು ಗಾಡಿ ತಂದರು. ಕೊಳೆ ಬಟ್ಟೆ ತರುವ ಗಾಡಿಯಲ್ಲಿಯೇ ಚಿಂದಿ ಮರಳಿದಳು. ಹಂಡೆಯಿಂದ ನೀರು ತೋಡಿ, ಹದ ನೋಡಿ, ಅವರು ಅವಳನ್ನು ತೊಳೆದರು. ಯಾವ ಕಲೆಯನ್ನು ಹೇಗೆ ತೆಗೆಯಬೇಕೆಂದು ತಿಳಿದ ಕೈಗಳಿಗೆ ಆ ನೀಲಿ ಬರೆಗಳ ಮೇಲೆ ಮಾಡಲು ಕೆಲಸವೇನೂ ಇರಲಿಲ್ಲ. ಮುದ್ಯವ್ವ ಒಂದೊಂದೇ ಬೆರಳನ್ನು ಹಿಡಿದು ಉಗುರಿನಿಂದ ನೂಲು ತೆಗೆದಳು. ಇಸ್ತ್ರಿಯಕ್ಕ ವಸತಿಗೃಹದ ಹೊಚ್ಚಹೊಸ ಚಾದರವೊಂದನ್ನು ಕಾದ ಹಲಗೆಯ ಮೇಲೆ ಎಳೆದು ಬಿಸಿಬಿಸಿಯಾಗಿ ತಂದಳು.

"ಏಯ್, ಅದು ಗಿರಾಕಿಯ ಮಾಲು!" ಎಂದ ಮೇಸ್ತ್ರಿ, ಕಟ್ಟು ಹಾಕಿಸಿಕೊಂಡ ಕೈಯನ್ನು ಎದೆಗೊತ್ತಿಕೊಂಡು.

"ಇನ್ನೊಂದು ಕೈ ನೆಟ್ಟಗಿದೆ ಅಂತ ಮಾತಾಡ್ತಿದೀಯಾ?" ಎಂದಳು ಮುದ್ಯವ್ವ.

ಅವರು ಚಿಂದಿಯನ್ನು ಅವಳಿಗಿಷ್ಟವಾದ ಹಾಗೆ ಸುತ್ತಿದರು. ಮುಖ ಹೊರಗೆ, ಮುಷ್ಟಿ ಹೊರಗೆ, ಮುಷ್ಟಿಯಲ್ಲಿ ಮೂಲೆ.

ಅಷ್ಟರಲ್ಲಿ ಧಣಿ ಬಂದ. ತಲೆ ಮೇಲಿನ ಟೋಪಿ ತೆಗೆದು ನಿಂತ. "ಅಯ್ಯೋ ಪಾಪ. ಏನೋ, ಇಂಥ ಮಕ್ಕಳು ಬದುಕಿದ್ದರೂ ಕಷ್ಟವೇ. ದೇವರು ಭಾರ ಇಳಿಸಿದ ಅಂದ್ಕೋ" ಎಂದ. ಆಮೇಲೆ ದನಿ ಇಳಿಸಿ ಮುದ್ಯವ್ವನನ್ನು ಕೇಳಿದ: "ಆ ಶಾಲೆ ಚಾದರ ಎಲ್ಲಿ? ಸುಮ್ಮನೆ ಕುದಿಸಿ ಚಿಂದಿಗೆ ಹಾಕಿಬಿಡಿ."

ತನ್ನ ಬಾಯಿಂದ ಏನು ಬಂತೆಂದು ಅವನಿಗೆ ತಿಳಿಯಲೂ ಇಲ್ಲ.

"ಕುದೀತಾ ಇದೆ ಧಣಿ" ಎಂದಳು ಮುದ್ಯವ್ವ, ಹಂಡೆಯ ಕಡೆ ಕೋಲು ತೋರಿಸಿ. "ಕೈ ಹಾಕಿ ನೋಡ್ತೀರಾ?"

ಚಾದರ ಹಂಡೆಯಲ್ಲಿರಲಿಲ್ಲ. ಚಿಂದಿಯವ್ವನ ಸೊಂಟದ ಸುತ್ತ, ಅವಳ ಉಡುಪಿನ ಒಳಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಅವಳು ಮತ್ತೆ ಉರುಳೆಗೆ ನಿಂತಳು. ಶಾಲೆಯ ಮಾತು ಹೊರಗೆ ಹೋಗಬಾರದೆಂದು ಧಣಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಬೆಳಿಗ್ಗೆ ಉಗಿ ಬಿಡುವ ಮುನ್ನ ಹೆಂಗಸರೆಲ್ಲ ಕಣ್ಣು ಮುಚ್ಚಿ, "ಕೈ ಕಾಯಪ್ಪಾ" ಎಂದು ದೇವರಿಗೆ ಬೇಡಿಕೊಳ್ಳುವುದು ರೂಢಿ. ಅವಳ ತುಟಿ ಮಾತ್ರ ಅಲುಗುತ್ತಿರಲಿಲ್ಲ.

"ದೇವರ ಮೇಲೆ ಸಿಟ್ಟಾ?" ಎಂದು ಮುದ್ಯವ್ವ ಒಂದು ದಿನ ಕೇಳಿದಳು.

"ಸಿಟ್ಟಲ್ಲ ಯವ್ವಾ. ಏನು ಕೇಳಿಕೊಂಡರೂ ಅರ್ಧ ಹೇಳಿಬಿಡ್ತೀನೇನೋ ಅಂತ ಭಯ."

ಮುಂದಿನ ಶಾಲಾ ವರ್ಷದ ಸಭೆಗೆ ಇಸ್ತ್ರಿಯಕ್ಕನಿಗೆ ಕರೆ ಬಂತು. ಅವಳ ಮಗಳಿಗೆ ಕಿವಿ ಕೇಳುತ್ತಿರಲಿಲ್ಲ. ಬೇರೆ ಯಾವ ಊನವೂ ಇರಲಿಲ್ಲ. ಚುರುಕು ಹುಡುಗಿ. ಎದುರಿನವರ ತುಟಿ ನೋಡಿಯೇ ಬೈಗಳನ್ನೆಲ್ಲ ಕಲಿತಿದ್ದಳು.

"ಒಬ್ಬಳೇ ಹೋಗಬೇಡ ಕಣೇ" ಎಂದಳು ಚಿಂದಿಯವ್ವ. "ನಾವೂ ಬರ್ತೀವಿ."

ಹೊರಡುವ ಮುನ್ನ ಅವಳು ಆ ಚಾದರವನ್ನು ಬಕೆಟ್ಟಿನ ಬಿಸಿನೀರಿನಲ್ಲಿ ಅದ್ದಿಟ್ಟುಕೊಂಡಳು. ಅದನ್ನು ಅವರೆದುರು ಹರವಬೇಕು, ತೂತನ್ನು ತೋರಿಸಬೇಕು, ತನ್ನ ಮಾತನ್ನು ಅವರ ಕಾಗದದಿಂದ ಅಳಿಸಿಹಾಕಿಸಬೇಕು. ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಒಣಗಿದ ಬಟ್ಟೆ ನೋಡಿ ಅವರಿಗೆ ಅರ್ಥವಾಗುವುದಿಲ್ಲವೆಂದು ಅವಳಿಗನಿಸಿತ್ತು. ಹೇಗಿತ್ತೋ ಹಾಗೆ ತೋರಿಸಬೇಕು.

ಅದೇ ಉದ್ದನೆಯ ಮೇಜು. ಅಧಿಕಾರಿ, ಹೆಡ್‌ಮೇಷ್ಟ್ರು. ಧಣಿ ಬಂದಿರಲಿಲ್ಲ, ಅವನ ಕುರ್ಚಿಯಲ್ಲಿ ವಾರ್ಡನ್ ಕೂತಿದ್ದ. ಹೆಂಗಸರು ಗೋಡೆಗೆ ಒತ್ತಿ ನಿಂತರು. ಮುದ್ಯವ್ವನ ಕೈಯಲ್ಲಿ ಕೋಲಿತ್ತು. "ಕಾಲು ನೋವು ಸಾಮಿ, ಊರಿಕೊಳ್ಳೋಕೆ" ಎಂದಿದ್ದಳು ಬಾಗಿಲಲ್ಲಿ.

"ವಸತಿ ಶಾಲೆಯೇ ಸೂಕ್ತ" ಎಂದು ಅಧಿಕಾರಿ ಓದತೊಡಗಿದ. ಬರೆದುಕೊಂಡೇ ಬಂದಿದ್ದ. "ಮಗು ಉದ್ವೇಗಗೊಂಡಲ್ಲಿ ಬಿಸಿ ಚಾದರದಲ್ಲಿ ಬಿಗಿಯಾಗಿ ಸುತ್ತುವುದು."

ಇಸ್ತ್ರಿಯಕ್ಕ ಪಕ್ಕದಲ್ಲಿದ್ದ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. "ನನ್ನ ಮಗಳಿಗೆ ಕಿವಿ ಕೇಳಲ್ಲ, ಅಷ್ಟೇ ಸಾಮಿ! ಅವಳಿಗೆ ಯಾಕೆ ಚಾದರ?"

"ಎಲ್ಲರಿಗೂ ಅದನ್ನೇ ಹಾಕ್ತಿದೀವಿ" ಎಂದ ವಾರ್ಡನ್. "ಒಳ್ಳೆ ಪದ್ಧತಿ. ಹೋದ ವರ್ಷ ಬಂದದ್ದು."

ಚಿಂದಿಯವ್ವ ಮುಂದೆ ಬಂದಳು. ಬಕೆಟ್ಟಿನಿಂದ ಚಾದರ ಎತ್ತಿ ಮೇಜಿನ ಮೇಲೆ ಹರವಿದಳು. ನೀರು ಅವರ ಕಾಗದಗಳ ಮೇಲೆ ಹರಿಯಿತು. "ಇದು ನನ್ನ ಮಾತು ಸಾಮಿ. ಇದನ್ನ ವಾಪಸ್ ಕೊಡಿ. ಈ ತೂತು ನೋಡಿ. ಇದು ನನ್ನ ಮಗಳ ಬಾಯಿ."

"ತೆಗಿಯೇ ಆ ಗಲೀಜನ್ನ!" ಎಂದು ಅಧಿಕಾರಿ ಎದ್ದ. "ಯಾರಲ್ಲಿ, ಎಳ್ಕೊಂಡು ಹೋಗ್ರೋ ಇವಳನ್ನ!"

"ಹುಚ್ಚಿ ಇವಳು" ಎಂದ ವಾರ್ಡನ್. "ತಾನೇ ಹೇಳಿಕೊಟ್ಟು ತಾನೇ ಅಳ್ತಾಳೆ."

"ಹೌದು ಸಾಮಿ" ಎಂದಳು ಚಿಂದಿಯವ್ವ. "ನಾನೇ ಹೇಳಿಕೊಟ್ಟೆ. ಆದರೆ ಪೂರ್ತಿ ಹೇಳಿರಲಿಲ್ಲ. ಈಗ ಹೇಳ್ತೀನಿ."

ಮುದ್ಯವ್ವ ಬಾಗಿಲು ಹಾಕಿ ಕೋಲನ್ನು ಅಗುಳಿಯ ಹಾಗೆ ಅಡ್ಡ ಕೊಟ್ಟಳು.

ಅದೆಲ್ಲ ಒಂದು ದೊಡ್ಡ ಚಾದರ ಮಡಚುವಷ್ಟು ಹೊತ್ತಿನ ಕೆಲಸ. ಜೀವನವೆಲ್ಲ ಒದ್ದೆ ಬಟ್ಟೆಯ ಭಾರ ಎತ್ತಿದ ತೋಳುಗಳು ವಾರ್ಡನ್ನನನ್ನು ಕುರ್ಚಿಯಿಂದ ಎತ್ತಿ ಮೇಜಿನ ಮೇಲೆ ಕೆಡವಿದವು. ಅವನು ಒದ್ದ, ಇಸ್ತ್ರಿಯಕ್ಕನ ತುಟಿ ಒಡೆದು ರಕ್ತ ಬಂತು. ಅವಳು ರಕ್ತವನ್ನು ಅವನ ಮುಖಕ್ಕೇ ಉಗಿದು ಅವನ ಕಾಲ ಮೇಲೆ ಕೂತಳು. ಅಡ್ಡ ಬಂದ ಅಧಿಕಾರಿಯ ಮೂಗಿಗೆ ಯಾರದೋ ಮೊಣಕೈ ಬಡಿಯಿತು. ಅವನು ಗೋಡೆಗೆ ಜಾರಿ ಕೂತ. ಹೆಡ್‌ಮೇಷ್ಟ್ರು ಎರಡೂ ಕಾಲನ್ನು ಕುರ್ಚಿಯ ಮೇಲೆತ್ತಿಕೊಂಡು ದೇವರ ಹೆಸರು ಹೇಳತೊಡಗಿದರು.

"ಕೈ ಪಕ್ಕಕ್ಕೆ" ಎಂದಳು ಚಿಂದಿಯವ್ವ. "ಹೀಗೆ ತಾನೆ ಸಾಮಿ, ನಿಮ್ಮ ಪದ್ಧತಿ? ಮುಖದ ಮೇಲೂ ಬರಬೇಕಲ್ವಾ?"

ಒಂದು ಸುತ್ತು. ಇನ್ನೊಂದು ಸುತ್ತು. ಚಾದರದ ಎರಡು ತುದಿಗಳನ್ನು ಅವಳು ತನ್ನ ಚಪ್ಪಟೆ ಬೆರಳುಗಳಲ್ಲಿ ತೆಗೆದುಕೊಂಡಳು. ಉಗಿಮನೆಯಲ್ಲಿ ಹುಟ್ಟಿ ಬೆಳೆದವಳು ಬದುಕಿನಲ್ಲಿ ಮೊದಲ ಸಲ ಹಸಿ ಬಟ್ಟೆಗೆ ಗಂಟು ಹಾಕಿದಳು. ಕಾಲೂರಿ ಬಿಗಿದಳು. ಬಿಗಿಯುವಾಗ ಅವಳ ಕಣ್ಣಿಂದ ಒಂದೇ ಸಮನೆ ನೀರು ಹರಿಯುತ್ತಿತ್ತು.

ಒಳಗಿನಿಂದ ವಾರ್ಡನ್ ಕಿರುಚಿದ. ಬಟ್ಟೆ ಅವನ ಬಾಯೊಳಕ್ಕೂ ಹೊರಕ್ಕೂ ಆಡಿತು. ಹೊರಳಾಡಿದ, ಮೇಜು ಅಲುಗಿತು. ಹೊರಳುತ್ತ ಹೊರಳುತ್ತ ಅವನ ಬಾಯಿ ಆ ತೂತಿಗೆ ಸಿಕ್ಕಿತು. ತುಟಿಯನ್ನು ಅದಕ್ಕೆ ಒತ್ತಿ ಅವನು ಗಾಳಿ ಎಳೆದುಕೊಂಡ. ಚಿಂದಿ ತನಗಾಗಿ ಅಗಿದು ಮಾಡಿಕೊಂಡಿದ್ದ ಕಿಂಡಿಯಿಂದ ಅವನು ಉಸಿರಾಡುತ್ತಿದ್ದ. ಕಿವಿ ಕೇಳದ ಆ ಹುಡುಗಿ ಮೆಲ್ಲಗೆ ಬಂದು ಆ ಮೂಟೆಯ ಮೇಲೆ ಅಂಗೈ ಇಟ್ಟಳು. ಕಿರುಚುವುದು ಅವಳಿಗೆ ಅಲ್ಲಿಂದ ತಿಳಿಯಿತು. ತಾಯಿಯ ಮುಖ ನೋಡಿ ಕೈ ತೆಗೆದಳು.

"ಬಿಚ್ಚಮ್ಮಾ! ಸತ್ತುಹೋಗ್ತಾನೆ!" ಅಧಿಕಾರಿ ಮೂಗಿನ ರಕ್ತ ಒರೆಸಿಕೊಳ್ಳುತ್ತ ತೆವಳಿಕೊಂಡು ಬಂದ.

"ನೀವೇ ಬಿಚ್ಚಿ ಸಾಮಿ. ಓದಿದವರು."

ಅವನು ಗಂಟಿಗೆ ಬೆರಳು ಹಾಕಿದ. ಎಳೆದ. ಎಳೆದಷ್ಟೂ ಅದು ಬಿಗಿಯಿತು. "ನೋಡ್ತಾ ಕೂತಿದೀರಲ್ರೀ, ಬನ್ರೀ!" ಎಂದು ಹೆಡ್‌ಮೇಷ್ಟ್ರನ್ನು ಕರೆದ. ಅವರು ಕಾಲನ್ನು ನೆಲಕ್ಕಿಳಿಸಿ, ಹರಿಯುತ್ತಿದ್ದ ನೀರಿನಲ್ಲಿ ನಡೆದು ಬಂದರು. ನಾಲ್ಕು ಕೈ ಕೂಡಿಯೂ ಗಂಟು ಅಲುಗಲಿಲ್ಲ. ಅಧಿಕಾರಿಯ ಉಗುರೊಂದು ಬುಡದಿಂದ ಎದ್ದಿತು. ಅವನು ಕೈ ಕೊಡವಿ ಅಳುತ್ತ ಮತ್ತೆ ಎಳೆದ. ಹೊರಗೆ ಬಾಗಿಲು ಬಡಿಯುವ ಸದ್ದು, ಬೂಟುಗಳ ಸದ್ದು. ಕೋಲು ಬಾಗಿತು, ಮುರಿಯಲಿಲ್ಲ. ಮುದ್ಯವ್ವ ಬೆನ್ನನ್ನೂ ಅದಕ್ಕೆ ಕೊಟ್ಟಳು.

ಚಿಂದಿಯವ್ವ ನೆಲದ ಮೇಲೆ ಕೂತಳು. ಸೊಂಟದಿಂದ ದಬ್ಬಣವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಯಾರೂ ಅದನ್ನು ಕೇಳಲಿಲ್ಲ. ಅದು ಏತಕ್ಕೆಂದು ಅವರಿಗೆ ತಿಳಿಯದು. ಅವಳು ಕೈ ಜೋಡಿಸಿ, ಕಣ್ಣು ಮುಚ್ಚಿದಳು. ಎಷ್ಟೋ ಕಾಲದ ಮೇಲೆ ಅವಳ ತುಟಿ ಅಲುಗಿತು.

"ತಂದೇ, ನನ್ನ ಕೂಸು ನಿನ್ನ ಹತ್ತಿರ ಬಂದಿದೆ. ಅದಕ್ಕೆ ಮಾತು ಬರೋದಿಲ್ಲ, ನಾನು ಹೇಳ್ತೀನಿ ಕೇಳು. ಈ ಸಲ ಪೂರ್ತಿ ಹೇಳ್ತೀನಿ. ಅದು ಹೆದರಿದರೆ ಬೆಚ್ಚಗೆ ಸುತ್ತು. ಬಿಗಿಯಾಗಿ ಸುತ್ತು, ಅದಕ್ಕೆ ಇಷ್ಟ. ಮುಖ ಮುಚ್ಚಬೇಡ. ಕೈ ಹೊರಗೆ ಬಿಡು. ಮೂಲೆ ಅದರ ಮುಷ್ಟಿಗೆ ಕೊಡು, ಸಾಕು ಅನಿಸಿದಾಗ ಅದೇ ಎಳಕೊಳ್ಳಲಿ. ಗಂಟು ಹಾಕಬೇಡಪ್ಪಾ. ಯಾವತ್ತೂ ಗಂಟು ಹಾಕಬೇಡ. ನನ್ನ ಮಗಳು ನೆಮ್ಮದಿಯಾಗಿ ಉಸಿರಾಡಲಿ."